ಅಂಕೆಗಳಾಗಿ ಬರುವ ಬಾನುಲಿ: ಡಿಜಿಟಲ್ ಟ್ಯೂನರೊಂದನ್ನು ಆರಿಸುವ ಬಗೆ

ಕಳೆದ ವರ್ಷ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಿಂದ ನನ್ನ ಸೋದರಳಿಯನ ಕಾಗದವೊಂದು ಬಂದಿತು. ಆತನು ಅಲ್ಲಿ ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದವನು. ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಒಳ್ಳೆಯದೊಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ಅಗ್ಗವಾಗಿ ಕೊಂಡಿದ್ದನಂತೆ. "ಮಾವ, ಇನ್ನೊಂದು ರೇಡಿಯೋ ಟ್ಯೂನರ್ ಸೇರಿಸಿದರೆ ಬೇಸಗೆಯ ಸಂಜೆಗಳಲ್ಲಿ ಪ್ರಾಮ್ಸ್ ಸಂಗೀತ ಕಚೇರಿಗಳನ್ನು ಮನೆಯಲ್ಲಿಯೇ ಕುಳಿತು ಕೇಳಬಹುದು. ಅಂಗಡಿಯಲ್ಲಿ ಎರಡು ತೋರಿಸಿದರು. ಎರಡೂ ಡಿಜಿಟಲ್. ಒಂದರ ಬೆಲೆ ಇನ್ನೊಂದರ ನಾಲ್ಕರಷ್ಟು. ಡಿಜಿಟಲ್ ಆದಮೇಲೆ ಧ್ವನಿ ಸಿ.ಡಿ.ಯಂತೆಯೇ ಇರುತ್ತದೆ ಎನ್ನುತ್ತಾರೆ. ಹಾಗಿದ್ದರೆ ನಾಲ್ಕರಷ್ಟು ಬೆಲೆ ಏತಕ್ಕೆ? ಎರಡು ತಿಂಗಳ ಉಳಿತಾಯವನ್ನು ಸುರಿಯುವ ಮುನ್ನ ನಿಮ್ಮನ್ನು ಕೇಳೋಣವೆನಿಸಿತು" ಎಂದು ಬರೆದಿದ್ದನು.

ಪ್ರಶ್ನೆ ಸಣ್ಣದು, ಆದರೆ ಉತ್ತರ ಹೇಳಹೊರಟರೆ ಭೌತಶಾಸ್ತ್ರದ ಹಲವು ಅಧ್ಯಾಯಗಳನ್ನು ತೆರೆಯಬೇಕಾಗುತ್ತದೆ. ಅಲೆಗಳ ಉದ್ದ, ಪ್ರತಿಫಲನ, ಕಿವಿಯ ಸ್ವಭಾವ, ಅಂಕಗಣಿತ ಇವೆಲ್ಲವೂ ಆ ಪುಟ್ಟ ಪೆಟ್ಟಿಗೆಯೊಳಗೆ ಅಡಗಿವೆ. ಆತನಿಗೆ ನಾನು ಬರೆದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು, ಟ್ಯೂನರ್ ಎಂದರೇನು? ನಮ್ಮ ಮನೆಗಳಲ್ಲಿರುವ ಸಾಮಾನ್ಯ ರೇಡಿಯೋ ಪೆಟ್ಟಿಗೆಯಲ್ಲಿ ಮೂರು ಭಾಗಗಳುಂಟು. ಆಕಾಶದಲ್ಲಿ ಹರಿದಾಡುವ ಅಸಂಖ್ಯಾತ ಅಲೆಗಳಲ್ಲಿ ನಮಗೆ ಬೇಕಾದ ನಿಲಯದ ಅಲೆಯೊಂದನ್ನು ಆರಿಸಿ ಅದರಿಂದ ಧ್ವನಿಯ ವಿದ್ಯುದ್ರೂಪವನ್ನು ಬೇರ್ಪಡಿಸುವುದು ಮೊದಲನೆಯ ಭಾಗ. ಆ ಕ್ಷೀಣ ವಿದ್ಯುತ್ತಿಗೆ ಬಲ ತುಂಬುವುದು ಎರಡನೆಯದು. ಅದನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವ ಸ್ಪೀಕರು ಮೂರನೆಯದು. ಸಂಗೀತವನ್ನು ಯಥಾವತ್ತಾಗಿ ಕೇಳಬಯಸುವವರು ಈ ಮೂರನ್ನೂ ಬೇರೆಬೇರೆಯಾಗಿ ಕೊಂಡು ತಂತಿಗಳಿಂದ ಜೋಡಿಸಿಕೊಳ್ಳುತ್ತಾರೆ. ಇದಕ್ಕೆ ಹೈ-ಫೈ ಎಂದು ಹೆಸರು. ಇದರಲ್ಲಿ ಮೊದಲನೆಯ ಭಾಗವೇ ಟ್ಯೂನರ್. ಅದಕ್ಕೆ ತನ್ನದೇ ಆದ ಬಾಯಿಲ್ಲ. ಆಂಪ್ಲಿಫೈಯರಿಲ್ಲದೆ ಅದು ಮೂಕ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತೇನೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಹಲವು ಜೋಡಿ ತೂತುಗಳಿರುತ್ತವೆ. ಟ್ಯೂನರಿನ ತಂತಿಯನ್ನು 'ಟ್ಯೂನರ್' ಎಂದೋ 'ಆಕ್ಸ್' ಎಂದೋ ಬರೆದಿರುವ ಜೋಡಿಗೆ ಸಿಕ್ಕಿಸತಕ್ಕದ್ದು. 'ಫೋನೋ' ಎಂದು ಬರೆದಿರುವುದಕ್ಕೆ ಎಂದಿಗೂ ಸಿಕ್ಕಿಸಕೂಡದು. ಫೋನೋ ಎಂಬುದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಸುಮಾರು 5 ಮಿಲಿವೋಲ್ಟಿನಷ್ಟು ದುರ್ಬಲ ಸಂಜ್ಞೆಗೆಂದು ಇರುವುದು. ಅದನ್ನು ನೂರರಷ್ಟು ಹಿಗ್ಗಿಸುವುದಲ್ಲದೆ, ತಟ್ಟೆಯನ್ನು ಕೆತ್ತುವಾಗ ತಗ್ಗಿಸಿದ್ದ ಮಂದ್ರ ಸ್ವರಗಳನ್ನು ಎತ್ತಿ, ಹೆಚ್ಚಿಸಿದ್ದ ತಾರ ಸ್ವರಗಳನ್ನು ಇಳಿಸುವ ಏರ್ಪಾಡೂ ಅಲ್ಲಿದೆ. ಟ್ಯೂನರಿನಿಂದ ಬರುವುದು ನೂರಾರು ಮಿಲಿವೋಲ್ಟುಗಳಿಂದ 2 ವೋಲ್ಟಿನವರೆಗಿನ ಸಂಜ್ಞೆ. ಅದನ್ನು ಅಲ್ಲಿ ತುರುಕಿದರೆ ಏನಾಗುವುದೆಂಬುದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಸ್ನೇಹಿತನ ಮನೆಯಲ್ಲಿ ಪ್ರತ್ಯಕ್ಷ ನೋಡಿದ್ದೇನೆ, ಕೇಳಿಯೂ ಇದ್ದೇನೆ. ಸ್ಪೀಕರಿನ ಕಾಗದದ ಶಂಕು ಹರಿದುಹೋಯಿತು. ಹೊಸದನ್ನು ತಂದುಕೊಡಲು ನನಗೆ ಒಂದು ವರ್ಷ ಹಿಡಿಯಿತು.

ಎಫ್.ಎಂ. ಮತ್ತು ಡಿಜಿಟಲ್

ಬ್ರಿಟನ್ನಿನಲ್ಲಿ ಬಿ.ಬಿ.ಸಿ. ಸಂಸ್ಥೆಯು ಎಫ್.ಎಂ. ಪ್ರಸಾರವನ್ನು ಕೆಂಟ್ ಪ್ರಾಂತದ ರೂಥಮ್ ಎಂಬಲ್ಲಿಂದ 1955ರ ಮೇ 2ರಂದು ವಿಧಿವತ್ತಾಗಿ ಆರಂಭಿಸಿತು. ಈ ಕ್ರಮದಲ್ಲಿ ಧ್ವನಿಯ ಏರಿಳಿತಕ್ಕೆ ಅನುಗುಣವಾಗಿ ವಾಹಕ ಅಲೆಯ ಆವೃತ್ತಿಯು, ಎಂದರೆ ಸೆಕೆಂಡಿಗೆ ಅದು ಕಂಪಿಸುವ ಸಂಖ್ಯೆಯು, ಹೆಚ್ಚುಕಡಿಮೆಯಾಗುತ್ತದೆ. ಧ್ವನಿಯ ಆಕಾರವೇ ಅಲೆಯ ಮೇಲೆ ಮೂಡಿ ಬರುವುದರಿಂದ ಇದನ್ನು ಸಾದೃಶ್ಯ ಕ್ರಮ ಎನ್ನಬಹುದು. ಅಲೆ ದುರ್ಬಲವಾದಂತೆ ಹಿನ್ನೆಲೆಯಲ್ಲಿ ಬುಸ್ಸೆನ್ನುವ ಸದ್ದು ಮೆಲ್ಲಮೆಲ್ಲನೆ ಏರುತ್ತದೆ. ಆದರೂ ಹಾಡು ಕೇಳಿಸುತ್ತಲೇ ಇರುತ್ತದೆ.

ಡಿಜಿಟಲ್ ಎಂದರೆ ಅಂಕೀಯ ಕ್ರಮ. ಇದರಲ್ಲಿ ಧ್ವನಿಯ ಆಕಾರವನ್ನು ಕಳುಹಿಸುವುದಿಲ್ಲ. ಅದರ ಅಳತೆಗಳನ್ನು ಕಳುಹಿಸುತ್ತಾರೆ. ರೋಗಿಯ ಜ್ವರವನ್ನು ಗಂಟೆಗೊಮ್ಮೆ ಅಳೆದು ಪಟ್ಟಿ ಬರೆದಿಟ್ಟರೆ, ಆ ಪಟ್ಟಿಯನ್ನು ನೋಡಿ ಬೇರೊಬ್ಬರು ಜ್ವರದ ಏರಿಳಿತದ ರೇಖೆಯನ್ನು ಮತ್ತೆ ಎಳೆಯಬಹುದಲ್ಲವೆ? ಧ್ವನಿಯನ್ನೂ ಹಾಗೆಯೇ ಅಳೆಯುತ್ತಾರೆ, ಆದರೆ ಸೆಕೆಂಡಿಗೆ ಹತ್ತಾರು ಸಾವಿರ ಸಲ. ಯಾವ ಆವೃತ್ತಿಯ ಧ್ವನಿಯನ್ನು ಉಳಿಸಿಕೊಳ್ಳಬೇಕೋ ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಆಕಾರವು ನಷ್ಟವಿಲ್ಲದೆ ಮರಳಿ ದೊರೆಯುತ್ತದೆಂಬುದು ಗಣಿತದಿಂದ ಸಿದ್ಧವಾದ ಸಂಗತಿ. ಒಂದೊಂದು ಅಳತೆಯನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಿಂದ ಬರೆಯುತ್ತಾರೆ. ಹೀಗೆ ಬರೆದ ಒಂದೊಂದು ಅಂಕಿಗೂ 'ಬಿಟ್' ಎಂದು ಹೆಸರು.

ಇಲ್ಲಿ ಒಂದು ಸ್ವಾರಸ್ಯವಿದೆ. ಎಫ್.ಎಂ. ಎಂದರೆ ಶುದ್ಧ ಸಾದೃಶ್ಯ, ಅಂಕೆಗಳ ಸೋಂಕಿಲ್ಲದ್ದು ಎಂದು ಹಳೆಯ ಅಭಿಮಾನಿಗಳು ಹೆಮ್ಮೆಪಡುವುದುಂಟು. ವಾಸ್ತವವಾಗಿ ಬಿ.ಬಿ.ಸಿ.ಯು 1972ರಿಂದಲೇ ಲಂಡನ್ನಿನ ಸ್ಟುಡಿಯೋಗಳಿಂದ ದೂರದ ಎಫ್.ಎಂ. ಪ್ರೇಷಕಗಳಿಗೆ ಧ್ವನಿಯನ್ನು ಅಂಕೆಗಳ ರೂಪದಲ್ಲಿ ಕಳುಹಿಸತೊಡಗಿತ್ತು: ಸೆಕೆಂಡಿಗೆ 32,000 ಅಳತೆಗಳು, ಅಳತೆಗೆ 13 ಬಿಟ್‌ಗಳು. ಎಫ್.ಎಂ. ಧ್ವನಿಯ ಮೇಲ್ಮಿತಿ 15,000 ಕಂಪನಗಳಾದ್ದರಿಂದ 32,000 ಸಾಕಷ್ಟೆ. ಅಂಕೆಗಳನ್ನು ತುಚ್ಛವಾಗಿ ಕಂಡವರು ಅರಿವಿಲ್ಲದೆಯೇ ದಶಕಗಳ ಕಾಲ ಅವನ್ನೇ ಕೇಳಿ ತಲೆದೂಗಿದ್ದರು!

ಡ್ಯಾಬ್ ಕ್ರಮ

ಈಗ ಅಳಿಯನ ಪೆಟ್ಟಿಗೆಗೆ ಬರೋಣ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಡಿಜಿಟಲ್ ಬಾನುಲಿಗೆ ಡ್ಯಾಬ್ ಎಂದು ಹೆಸರು. 1987ರಲ್ಲಿ ಯೂರೋಪಿನ ಹಲವು ದೇಶಗಳ ಸಂಶೋಧಕರು ಸೇರಿ 'ಯುರೇಕಾ 147' ಎಂಬ ಯೋಜನೆಯಲ್ಲಿ ಇದನ್ನು ರೂಪಿಸತೊಡಗಿದರು. ಬಿ.ಬಿ.ಸಿ.ಯು 1995ರ ಸೆಪ್ಟೆಂಬರ್ 27ರಂದು ಈ ಪ್ರಸಾರವನ್ನು ಆರಂಭಿಸಿತು. ಆಗ ಕೇಳುವವರ ಬಳಿ ಪೆಟ್ಟಿಗೆಗಳೇ ಇರಲಿಲ್ಲವೆನ್ನಬೇಕು. ನೂರು ಪೌಂಡಿನೊಳಗೆ ಒಂದು ದೊರೆಯುವಂತಾದದ್ದು 2002ರಲ್ಲಿ.

"ಧ್ವನಿ ಸಿ.ಡಿ.ಯಂತೆಯೇ ಇರುತ್ತದೆ" ಎಂಬ ಮಾತನ್ನು ಪರೀಕ್ಷಿಸುವುದು ಕಷ್ಟವಲ್ಲ, ಗುಣಾಕಾರ ಬಂದರೆ ಸಾಕು. ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಒಂದೊಂದಕ್ಕೆ 16 ಬಿಟ್‌ಗಳು, ಎಡ ಬಲ ಎಂದು ಎರಡು ಕಾಲುವೆಗಳು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳು. ಸುಮಾರು 1,411 ಕಿಲೋಬಿಟ್ ಎನ್ನೋಣ. ಡ್ಯಾಬ್ ಕ್ರಮದಲ್ಲಿ ಹಲವು ನಿಲಯಗಳನ್ನು ಒಟ್ಟುಗೂಡಿಸಿ ಒಂದೇ ಕಟ್ಟಾಗಿ ಕಳುಹಿಸುತ್ತಾರೆ. ಈ ಕಟ್ಟಿಗೆ ಮಲ್ಟಿಪ್ಲೆಕ್ಸ್ ಎಂದು ಹೆಸರು. ಇಡೀ ಕಟ್ಟು ಸೆಕೆಂಡಿಗೆ ಹೊರಬಲ್ಲದ್ದು 2,304 ಕಿಲೋಬಿಟ್. ಅದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ದಾರಿಯಲ್ಲಿ ಆಗುವ ತಪ್ಪುಗಳನ್ನು ತಿದ್ದಿಕೊಳ್ಳಲು ಮೀಸಲು. ಉಳಿಯುವುದು ಸುಮಾರು 1,152 ಕಿಲೋಬಿಟ್. ಓದುಗರು ಗಮನಿಸಬೇಕು: ಸಿ.ಡಿ.ಯ ಧ್ವನಿಯನ್ನು ಇದ್ದಂತೆಯೇ ಕಳುಹಿಸುವುದಾದರೆ ಇಡೀ ಕಟ್ಟನ್ನು ಒಂದೇ ನಿಲಯಕ್ಕೆ ಬಿಟ್ಟುಕೊಟ್ಟರೂ ಸಾಲದು! ಆದರೆ ಅದರಲ್ಲಿ ಹತ್ತಾರು ನಿಲಯಗಳಿವೆ. ಇದು ಹೇಗೆ ಸಾಧ್ಯ?

ಕೇಳಿಸದಿರುವುದನ್ನು ಬಿಟ್ಟುಬಿಡುವುದೇ ಇದರ ಉಪಾಯ. ದೇವಾಲಯದಲ್ಲಿ ಮಹಾಮಂಗಳಾರತಿಯ ಸಮಯದಲ್ಲಿ ಜಾಗಟೆ, ಗಂಟೆಗಳು ಮೊಳಗುತ್ತಿರುವಾಗ ಪಕ್ಕದವರ ಬಳೆಯ ಸದ್ದು ನಮಗೆ ಕೇಳಿಸುವುದಿಲ್ಲ. ಬಳೆ ಸದ್ದು ಮಾಡದೆ ಇಲ್ಲ. ಆದರೆ ಜೋರಾದ ಧ್ವನಿಯು ತನ್ನ ಆವೃತ್ತಿಗೆ ಸಮೀಪವಾದ ಮೆಲುಧ್ವನಿಗಳನ್ನು ಮುಸುಕಿಬಿಡುತ್ತದೆ. ಜೋರು ಸದ್ದು ನಿಂತ ಮೇಲೂ ಒಂದು ಕ್ಷಣದ ಅಲ್ಪಾಂಶದವರೆಗೆ ಈ ಮುಸುಕು ಉಳಿದಿರುತ್ತದೆ. ಇದು ಕಿವಿಯ ಮತ್ತು ಮಿದುಳಿನ ಸ್ವಭಾವ. ಈ ಸ್ವಭಾವವನ್ನೇ ಬಳಸಿಕೊಂಡು ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಹಾಗೂ ಫ್ರಾನ್ಸಿನ, ಜರ್ಮನಿಯ ಪ್ರಸಾರ ಸಂಶೋಧನಾಲಯಗಳು ಒಂದು ಅಡಕದ ಕ್ರಮವನ್ನು ಬೆಳೆಸಿದವು. ಅದಕ್ಕೆ ಈಗ ಎಂ.ಪಿ.2 ಎಂಬ ಹೆಸರು ರೂಢಿ. ಧ್ವನಿಯನ್ನು 32 ಆವೃತ್ತಿ ಪಟ್ಟಿಗಳಾಗಿ ಸೀಳಿ, ಮುಸುಕಿಗೊಳಗಾಗುವ ಪಟ್ಟಿಗಳಿಗೆ ಕಡಮೆ ಬಿಟ್‌ಗಳನ್ನೂ, ಎದ್ದುಕಾಣುವ ಪಟ್ಟಿಗಳಿಗೆ ಹೆಚ್ಚು ಬಿಟ್‌ಗಳನ್ನೂ ಹಂಚುವುದು ಇದರ ರೀತಿ. ಒರಟಾಗಿ ಅಳೆದ ಪಟ್ಟಿಯಲ್ಲಿ ದೋಷವು ಹೆಚ್ಚಿದರೂ ಅದು ಮುಸುಕಿನೊಳಗೇ ಅಡಗಿಹೋಗುತ್ತದೆ.

ಅಡಕವು ಹಿತಮಿತವಾಗಿದ್ದರೆ ಕಿವಿಗೆ ಮೋಸ ತಿಳಿಯದು. ಆದರೆ ಬ್ರಿಟನ್ನಿನಲ್ಲಿ ನಿಲಯಗಳ ಸಂಖ್ಯೆಯನ್ನು ಹೆಚ್ಚಿಸುವ ಆಸೆಯಿಂದ ಒಂದೊಂದಕ್ಕೂ ಸಲ್ಲುವ ಪಾಲನ್ನು ಕಿರಿದುಮಾಡುತ್ತ ಬಂದರು. ಎಂ.ಪಿ.2 ಕ್ರಮದ ಸಂಗೀತ ನಿಲಯಗಳಿಗೆ 128 ಕಿಲೋಬಿಟ್ ಎಂಬುದು ರೂಢಿಯಾಯಿತು, ಸಿ.ಡಿ.ಯ ಹನ್ನೊಂದನೆಯ ಒಂದು ಭಾಗ. ಎಷ್ಟೋ ನಿಲಯಗಳು 80 ಕಿಲೋಬಿಟ್‌ಗೆ ಇಳಿದು, ಎಡ ಬಲಗಳ ಭೇದವನ್ನೇ ಬಿಟ್ಟು ಒಂಟಿ ಕಾಲುವೆಯಾದವು. ಮಾತು ಕೇಳುವುದಕ್ಕೆ ಇದು ಸಾಕು. ಆದರೆ ಸಭಿಕರ ಚಪ್ಪಾಳೆ, ಹಾರ್ಪ್ಸಿಕಾರ್ಡ್ ತಂತಿಯ ಮೀಟು, ಇಂಥ ಚುರುಕಾದ, ಎಲ್ಲ ಆವೃತ್ತಿಗಳಲ್ಲೂ ಹರಡಿರುವ ಸದ್ದುಗಳಲ್ಲಿ ಮುಸುಕಿನ ಲೆಕ್ಕ ತಪ್ಪಿಹೋಗುತ್ತದೆ. ಚಪ್ಪಾಳೆಯು ಕಾದ ಎಣ್ಣೆಗೆ ನೀರು ಬಿದ್ದಂತೆ ಕೇಳಿಸುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ಬಿ.ಬಿ.ಸಿ. ರೇಡಿಯೋ 3ಕ್ಕೆ 192 ಕಿಲೋಬಿಟ್ ಕೊಟ್ಟಿದ್ದರು. 2006ರಲ್ಲಿ ಅದನ್ನು 160ಕ್ಕೆ ಇಳಿಸಿದಾಗ ಕೇಳುಗರು ದೂರಿನ ಮೇಲೆ ದೂರು ಬರೆದರು. ಕೊನೆಗೆ 192ನ್ನು ಮರಳಿ ಕೊಡಬೇಕಾಯಿತು. 32 ಕಿಲೋಬಿಟ್‌ಗಳ ವ್ಯತ್ಯಾಸವನ್ನು ಕೇವಲ ಕಿವಿಯಿಂದ ಕಂಡುಹಿಡಿದ ಆ ಕೇಳುಗರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇದರಿಂದ ಅಳಿಯನ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು. ಸ್ಟುಡಿಯೋದಲ್ಲಿ ಬಿಟ್ಟುಬಿಟ್ಟ ಬಿಟ್‌ಗಳನ್ನು ಮನೆಯಲ್ಲಿರುವ ಯಾವ ಟ್ಯೂನರೂ, ಅದು ಎಷ್ಟೇ ಬೆಲೆಯದಾಗಲಿ, ಮರಳಿ ತರಲಾರದು. ನಾಲ್ಕರಷ್ಟು ಬೆಲೆಯ ಪೆಟ್ಟಿಗೆಗೂ ಅಗ್ಗದ ಪೆಟ್ಟಿಗೆಗೂ ಆಕಾಶದಿಂದ ಇಳಿದುಬರುವ ಅಂಕೆಗಳು ಒಂದೇ. ಭೇದವಿರುವುದು ಆ ಅಂಕೆಗಳನ್ನು ಮತ್ತೆ ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವ ಭಾಗದಲ್ಲಿ, ವಿದ್ಯುತ್ ಪೂರೈಕೆಯ ನಿರ್ಮಲತೆಯಲ್ಲಿ, ಮತ್ತು ನೋಟದಲ್ಲಿ. ಮೊದಲೆರಡು ಅಲಕ್ಷ್ಯ ಮಾಡುವಂಥವಲ್ಲ. ಆದರೆ 128 ಕಿಲೋಬಿಟ್‌ನ ಧ್ವನಿಯಲ್ಲಿ ಅವನ್ನು ಹುಡುಕುವುದು ಮಸುಕಾದ ಛಾಯಾಚಿತ್ರಕ್ಕೆ ಬೆಲೆಬಾಳುವ ಚೌಕಟ್ಟು ಹಾಕಿಸಿದಂತೆಯೇ ಸರಿ. ಅಲ್ಲದೆ ಅಗ್ಗದ ಟ್ಯೂನರಿನ ಹಿಂದೆ ಬೆಳಕಿನ ನಾಳಕ್ಕಾಗಿ ಅಂಕೀಯ ನಿರ್ಗಮವೊಂದಿದ್ದರೆ, ಮುಂದೆಂದಾದರೂ ಕೈಯಲ್ಲಿ ಹಣವಾದಾಗ ಒಳ್ಳೆಯ ಪರಿವರ್ತಕವೊಂದನ್ನು ಬೇರೆಯಾಗಿ ಜೋಡಿಸಿಕೊಳ್ಳಬಹುದು.

ಎರಡು ಪೀಳಿಗೆಗಳು

ಆದರೆ ಅಗ್ಗವೆಂದು ಯಾವುದನ್ನಾದರೂ ಕೊಳ್ಳುವಂತಿಲ್ಲ. ಡ್ಯಾಬ್‌ನಲ್ಲಿ ಎರಡು ಪೀಳಿಗೆಗಳಿವೆ. ಎಂ.ಪಿ.2 ರೂಪುಗೊಂಡ ಮೇಲೆ ಕಿವಿಯ ವಿಜ್ಞಾನವೂ ಗಣಕಯಂತ್ರವೂ ಬಹಳ ಮುಂದುವರಿದವು. ಅದೇ ಗುಣವನ್ನು ಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿ ಕೊಡಬಲ್ಲ ಹೊಸ ಅಡಕ ಕ್ರಮವನ್ನು ಅಳವಡಿಸಿಕೊಂಡು 2007ರಲ್ಲಿ 'ಡ್ಯಾಬ್ ಪ್ಲಸ್' ಎಂಬ ಪ್ರಮಾಣವು ಪ್ರಕಟವಾಯಿತು. ಹಳೆಯ ಪೆಟ್ಟಿಗೆಗೆ ಈ ಹೊಸ ಭಾಷೆ ಅರ್ಥವಾಗದು. ನಿಲಯದ ಹೆಸರು ಪರದೆಯ ಮೇಲೆ ಬಂದರೂ ಬರಬಹುದು, ಧ್ವನಿ ಮಾತ್ರ ಬಾರದು. ಬ್ರಿಟನ್ನಿನಲ್ಲಿ 2016ರಲ್ಲಿ ಆರಂಭವಾದ ಎರಡನೆಯ ರಾಷ್ಟ್ರೀಯ ವಾಣಿಜ್ಯ ಕಟ್ಟಿನಲ್ಲಿ ಡ್ಯಾಬ್ ಪ್ಲಸ್ ನಿಲಯಗಳು ಕಾಣಿಸಿಕೊಂಡವು; ಅನಂತರ ಇನ್ನೂ ಅನೇಕ ನಿಲಯಗಳು ಆ ಕಡೆಗೆ ಸರಿದಿವೆ. ಆದಕಾರಣ ಹಳೆಯ ಸಾಮಾನಿನ ಅಂಗಡಿಯಲ್ಲಿ ಎಷ್ಟು ಒಳ್ಳೆಯ ಟ್ಯೂನರ್ ಎಷ್ಟು ಅಗ್ಗವಾಗಿ ಸಿಕ್ಕರೂ, ಅದಕ್ಕೆ ಡ್ಯಾಬ್ ಪ್ಲಸ್ ಬಾರದಿದ್ದರೆ ಮುಟ್ಟಬಾರದು ಎಂದು ಅಳಿಯನಿಗೆ ಅಡಿಗೆರೆ ಹಾಕಿ ಬರೆದೆನು. ಆಂಪ್ಲಿಫೈಯರು ಮುದುಕನಾದರೂ ನಡೆದೀತು. ಟ್ಯೂನರಿಗೆ ಮಾತ್ರ ಇಂದಿನ ಭಾಷೆ ಗೊತ್ತಿರಬೇಕು. ಎರಡೂ ಪೀಳಿಗೆಗಳನ್ನು ಹಿಡಿಯಬಲ್ಲ ಗ್ರಾಹಕಗಳನ್ನು ಗುರುತಿಸಲು 2013ರಲ್ಲಿ ಅಲ್ಲಿ 'ಸರಿ' ಗುರುತಿನ ಮುದ್ರೆಯೊಂದನ್ನೂ ಜಾರಿಗೆ ತಂದರು.

ಹೊಸ ಕ್ರಮವೆಂದ ಮಾತ್ರಕ್ಕೆ ಧ್ವನಿ ಉತ್ತಮವೆಂದೂ ತಿಳಿಯಬೇಕಾಗಿಲ್ಲ. ಅರ್ಧ ಬಿಟ್‌ಗಳಲ್ಲಿ ಅದೇ ಗುಣ ದೊರೆಯುವುದಾದರೆ, ಉಳಿದ ಅರ್ಧದಲ್ಲಿ ಗುಣವನ್ನು ಹೆಚ್ಚಿಸಬಹುದು, ಇಲ್ಲವೆ ಇನ್ನೊಂದು ನಿಲಯವನ್ನು ತುಂಬಬಹುದು. ಪ್ರಸಾರದವರು ಬಹುಮಟ್ಟಿಗೆ ಯಾವುದನ್ನು ಆರಿಸಿಕೊಂಡರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಬೆಟ್ಟಗಳ ಊರು

ಇಷ್ಟೆಲ್ಲ ಕುಂದು ಹೇಳಿದ ಮೇಲೆ ಡ್ಯಾಬ್‌ನ ನಿಜವಾದ ಹಿರಿಮೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಶೆಫೀಲ್ಡ್ ನಗರವು ಬೆಟ್ಟಗಳ ಮೇಲೂ ಕಣಿವೆಗಳ ಒಳಗೂ ಹರಡಿದ ಊರು. ಉತ್ತರ ಇಂಗ್ಲೆಂಡಿನ ದೊಡ್ಡ ಎಫ್.ಎಂ. ಪ್ರೇಷಕವಿರುವ ಹೋಮ್ ಮಾಸ್ ಶಿಖರವು ಅಲ್ಲಿಗೆ ಸುಮಾರು 30 ಕಿಲೋಮೀಟರ್ ದೂರ. ಅಳಿಯನ ಮನೆಯಿರುವುದು ಕಣಿವೆಯ ಇಳಿಜಾರಿನಲ್ಲಿ. ಅಲ್ಲಿಗೆ ಪ್ರೇಷಕದಿಂದ ನೇರವಾಗಿ ಬರುವ ಅಲೆಯೊಂದು, ಎದುರಿನ ಗುಡ್ಡಕ್ಕೆ ಬಡಿದು ಹಿಂದಿರುಗಿ ಬರುವ ಅಲೆ ಮತ್ತೊಂದು. ಎರಡನೆಯದು 3 ಕಿಲೋಮೀಟರ್ ಹೆಚ್ಚು ನಡೆದಿದ್ದರೆ, ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್ ಆದ್ದರಿಂದ, ಅದು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು, ಎಂದರೆ 10 ಮೈಕ್ರೋಸೆಕೆಂಡ್, ತಡವಾಗಿ ಬರುತ್ತದೆ. ಎಫ್.ಎಂ. ಗ್ರಾಹಕದಲ್ಲಿ ಈ ಎರಡು ಅಲೆಗಳು ಒಂದರೊಡನೊಂದು ಬೆರೆತು, ಕೆಲವು ಕ್ಷಣ ಒಂದನ್ನೊಂದು ಬಲಪಡಿಸುತ್ತ, ಕೆಲವು ಕ್ಷಣ ಅಳಿಸಿಹಾಕುತ್ತ, ಧ್ವನಿಯನ್ನು ಕರ್ಕಶಗೊಳಿಸುತ್ತವೆ.

ಡ್ಯಾಬ್ ರೂಪಿಸಿದವರು ಈ ಕೇಡಿಗೆ ಸೊಗಸಾದ ಪರಿಹಾರವನ್ನು ಕಂಡುಕೊಂಡರು. ಅಂಕೆಗಳನ್ನು ಒಂದೇ ವಾಹಕದ ಮೇಲೆ ಧಾವಿಸುವಂತೆ ಹೇರುವ ಬದಲು, ಸುಮಾರು ಒಂದೂವರೆ ಮೆಗಾಹರ್ಟ್ಸ್ ಅಗಲದಲ್ಲಿ 1,536 ಪುಟ್ಟ ವಾಹಕಗಳನ್ನು ಒಂದರ ಪಕ್ಕದಲ್ಲೊಂದು ನಿಲ್ಲಿಸಿ, ಎಲ್ಲಕ್ಕೂ ಹಂಚಿದರು. ಒಬ್ಬ ಕೂಲಿಯಾಳು ಓಡೋಡಿ ಮಾಡುವ ಕೆಲಸವನ್ನು ಸಾವಿರದೈನೂರು ಜನ ನಿಧಾನವಾಗಿ ಹೆಜ್ಜೆಹಾಕುತ್ತ ಮಾಡಿದಂತೆ. ಹೀಗಾಗಿ ಒಂದೊಂದು ವಾಹಕವೂ ತನ್ನ ಸಂಜ್ಞೆಯನ್ನು 1,000 ಮೈಕ್ರೋಸೆಕೆಂಡ್‌ಗಳಷ್ಟು ದೀರ್ಘಕಾಲ ಹಿಡಿದಿಡಬಹುದು. ಅದರ ಜೊತೆಗೆ 246 ಮೈಕ್ರೋಸೆಕೆಂಡ್‌ಗಳ ಬಿಡುವನ್ನೂ ಸೇರಿಸಿದರು. ಹಿಂದಿನ ಸಂಜ್ಞೆಯ ಪ್ರತಿಧ್ವನಿಗಳೆಲ್ಲ ಈ ಬಿಡುವಿನಲ್ಲಿ ಅಡಗಿಹೋಗಲಿ, ಅನಂತರವೇ ಗ್ರಾಹಕವು ಅಳತೆ ಮಾಡಲಿ ಎಂಬುದು ಉದ್ದೇಶ. ಗುಡ್ಡದಿಂದ ಬರುವ 10 ಮೈಕ್ರೋಸೆಕೆಂಡ್‌ಗಳ ತಡ ಇದರ ಮುಂದೆ ಯಾವ ಲೆಕ್ಕ? ಈ ಬಿಡುವಿನಲ್ಲಿ ಅಲೆಯು ಎಷ್ಟು ದೂರ ಸಾಗುತ್ತದೆಂದು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು: ಸುಮಾರು 74 ಕಿಲೋಮೀಟರ್ ಬರುತ್ತದೆ. ಅಂದಮೇಲೆ ಅಷ್ಟು ಹೆಚ್ಚು ದಾರಿ ನಡೆದು ಬಂದ ಪ್ರತಿಫಲಿತ ಅಲೆಯೂ ಕೆಡುಕು ಮಾಡದು. ಬದಲಿಗೆ ಬಲವನ್ನೇ ಕೂಡಿಸುತ್ತದೆ. ಇದೇ ಕಾರಣದಿಂದ ದೇಶದ ನೂರಾರು ಪ್ರೇಷಕಗಳು ಒಂದೇ ಆವೃತ್ತಿಯಲ್ಲಿ ಏಕಕಾಲಕ್ಕೆ ಪ್ರಸಾರ ಮಾಡಬಹುದಾಗಿದೆ. ಬಿ.ಬಿ.ಸಿ.ಯ ರಾಷ್ಟ್ರೀಯ ಕಟ್ಟು ಎಲ್ಲೆಡೆಯೂ 225.648 ಮೆಗಾಹರ್ಟ್ಸ್ ಒಂದರಲ್ಲಿಯೇ ಬರುತ್ತದೆ. ಎಫ್.ಎಂ.ನಲ್ಲಿ ಹೀಗೆ ಮಾಡಹೊರಟರೆ ಗೊಂದಲವೇ ಗತಿ.

ಅಂಕೀಯ ಕ್ರಮಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಅಲೆಯು ದುರ್ಬಲವಾಗುತ್ತ ಬಂದರೂ, ತಪ್ಪುಗಳನ್ನು ತಿದ್ದಲು ಸಾಧ್ಯವಿರುವವರೆಗೆ ಧ್ವನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು. ಆ ಮೇರೆಯನ್ನು ದಾಟಿದ ಕೂಡಲೆ ಬಂಡೆಯ ಅಂಚಿನಿಂದ ಬಿದ್ದಂತೆ ಒಮ್ಮೆಗೇ ಕುಸಿಯುತ್ತದೆ. ಹಳೆಯ ಡ್ಯಾಬ್‌ನಲ್ಲಿ ಕೆಸರು ಕುದಿಯುವಂತೆ ಗುಳುಗುಳು ಸದ್ದಾಗಿ ಆಮೇಲೆ ಮೌನ. ಡ್ಯಾಬ್ ಪ್ಲಸ್‌ನಲ್ಲಿ ತಿದ್ದುಪಡಿಯ ಏರ್ಪಾಡು ಇನ್ನೂ ಬಿಗಿಯಾಗಿರುವುದರಿಂದ ಬಹಳ ಹೊತ್ತು ತಡೆದುಕೊಂಡು, ಕುಸಿದರೆ ನೇರವಾಗಿ ಮೌನ.

ಏರಿಯಲ್ಲಿನ ಮಾತು

ಆದ್ದರಿಂದ ಹಣ ಹಾಕಬೇಕಾದದ್ದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಪೆಟ್ಟಿಗೆಗಿಂತ ಮೊದಲು ಏರಿಯಲ್ಲಿಗೆ. ಸಣ್ಣ ರೇಡಿಯೋಗಳಿಗಿರುವ ಎಳೆಯುವ ಕಡ್ಡಿಯನ್ನು ನೆಚ್ಚಿಕೊಳ್ಳದೆ, ಹಿಂದೆ 75 ಓಮಿನ ಏರಿಯಲ್ ಕೇಬಲ್ಲಿಗೆ ತಕ್ಕ ಜೋಡಣೆಯಿರುವ ಟ್ಯೂನರನ್ನೇ ಆರಿಸಬೇಕು. ಬೆಳಕಿನ ವೇಗವನ್ನು ಮೇಲೆ ಹೇಳಿದ ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 133 ಸೆಂಟಿಮೀಟರ್. ಅರ್ಧ ಅಲೆಯ ಏರಿಯಲ್ಲಿಗೆ 66 ಸೆಂಟಿಮೀಟರ್ ಬೇಕು; ಲೋಹದ ಕಡ್ಡಿಯ ತುದಿಗಳ ಪರಿಣಾಮದಿಂದ ಇದು ಇನ್ನೂ ಸ್ವಲ್ಪ ಕಡಮೆಯಾಗಿ 63ರ ಸಮೀಪಕ್ಕೆ ಬರುತ್ತದೆ. ಎಫ್.ಎಂ. ಪಟ್ಟಿಯ ನಡುಭಾಗಕ್ಕಾದರೋ ಒಂದೂವರೆ ಮೀಟರಿನಷ್ಟು ಉದ್ದ ಬೇಕು. ಹೀಗಾಗಿ ಒಂದೇ ಏರಿಯಲ್ ಎರಡಕ್ಕೂ ಚೆನ್ನಾಗಿ ಹೊಂದದು. ಬ್ರಿಟನ್ನಿನ ಡ್ಯಾಬ್ ಅಲೆಗಳಲ್ಲಿ ವಿದ್ಯುತ್ ಕ್ಷೇತ್ರವು ಮೇಲೆ ಕೆಳಗೆ ಆಡುವುದರಿಂದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಬೇಕು. ಗೋಡೆಯ ಉದ್ದಕ್ಕೂ ಮಲಗಿಸಿದರೆ ಅಲೆಯ ಹೆಚ್ಚಿನ ಭಾಗ ವ್ಯರ್ಥ. ಬಾಡಿಗೆ ಮನೆಯಾದ್ದರಿಂದ ಛಾವಣಿಯ ಮೇಲೆ ಕಟ್ಟಲಾಗದಿದ್ದರೆ ಅಟ್ಟದಲ್ಲಾದರೂ ಕಟ್ಟಬಹುದು. ಎತ್ತರವಿದ್ದಷ್ಟೂ ಮೇಲು. ಎಲ್.ಇ.ಡಿ. ದೀಪಗಳು, ಗಣಕಯಂತ್ರದ ವಿದ್ಯುತ್ ಪೆಟ್ಟಿಗೆಗಳು ಇವುಗಳಿಂದ ದೂರವಿದ್ದಷ್ಟೂ ಒಳಿತು.

ಎಫ್.ಎಂ. ಭಾಗವನ್ನು ಮರೆಯಬಾರದು. ನಾರ್ವೆ ದೇಶವು 2017ರಲ್ಲಿ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿಬಿಟ್ಟಿತು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯು 2024ರ ಕೊನೆಯಲ್ಲಿ ಅದೇ ಕೆಲಸ ಮಾಡಿತು. ಬ್ರಿಟನ್ನಿನಲ್ಲಾದರೋ ಕಡೆಯ ಪಕ್ಷ 2030ರವರೆಗೆ ಎಫ್.ಎಂ. ಬೇಕಾಗುತ್ತದೆಂದು 2021ರ ಸರ್ಕಾರೀ ಪರಿಶೀಲನೆಯು ಹೇಳಿತು. ಏರಿಯಲ್ ಚೆನ್ನಾಗಿದ್ದು, ಪ್ರತಿಫಲನಗಳ ಕಾಟವಿಲ್ಲದ ಕಡೆಯಲ್ಲಿ ರೇಡಿಯೋ 3ರ ಎಫ್.ಎಂ. ಪ್ರಸಾರವು ಡ್ಯಾಬ್‌ಗೆ ಸಾಟಿಯಾಗಿ, ಹಲವರ ಕಿವಿಗೆ ಅದಕ್ಕಿಂತ ಇಂಪಾಗಿಯೂ ಕೇಳಿಸುತ್ತದೆ. 15,000 ಕಂಪನಗಳ ಮೇಲಿನದು ಎಫ್.ಎಂ.ನಲ್ಲಿ ಇಲ್ಲವೆಂದು ಯುವಕರು ಆಕ್ಷೇಪಿಸಬಹುದು. ನನ್ನ ವಯಸ್ಸಿನವರಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದು ಸೂಚನೆ ಮಾತ್ರ: ಸ್ಟೀರಿಯೋ ಎಫ್.ಎಂ.ನಲ್ಲಿ ಬುಸ್ಸೆನ್ನುವ ಗದ್ದಲವು ಒಂಟಿ ಕಾಲುವೆಗಿಂತ ಸುಮಾರು 20 ಡೆಸಿಬೆಲ್ ಹೆಚ್ಚು. ದುರ್ಬಲ ನಿಲಯವನ್ನು ಕೇಳುವಾಗ ಒಂಟಿ ಕಾಲುವೆಗೆ ತಿರುಗಿಸುವ ಗುಂಡಿಯೊಂದು ಟ್ಯೂನರಿನಲ್ಲಿದ್ದರೆ ಬಹಳ ಅನುಕೂಲ.

ಅಂತರಜಾಲದ ಮೂಲಕ ರೇಡಿಯೋ ಹಿಡಿಯುವ ಟ್ಯೂನರುಗಳೂ ಇವೆ. ರೇಡಿಯೋ 3ರ ಅಂತರಜಾಲ ಪ್ರಸಾರ 320 ಕಿಲೋಬಿಟ್‌ಗಳದು. ಧ್ವನಿಯ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಮೇಲು. ಅಲ್ಲದೆ ಶೆಫೀಲ್ಡಿನಲ್ಲಿ ಕುಳಿತು ನಮ್ಮ ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳನ್ನೂ ಕೇಳಬಹುದು. ಆದರೆ ಈ ದಾರಿಯ ಸೂತ್ರ ಇನ್ನೊಬ್ಬರ ಕೈಯಲ್ಲಿದೆ. 2023ರಲ್ಲಿ ಬಿ.ಬಿ.ಸಿ.ಯು ಅಂತರಜಾಲ ಪ್ರಸಾರದ ರೂಪವನ್ನು ಬದಲಿಸಿದಾಗ ಎಷ್ಟೋ ಹಳೆಯ ಪೆಟ್ಟಿಗೆಗಳು ಅದನ್ನು ಹಿಡಿಯಲಾರದೆ ಹೋದವು. ಆಕಾಶದಿಂದ ಬರುವ ಅಲೆಯಷ್ಟು ನಂಬುಗೆ ಅದರ ಮೇಲೆ ನನಗಿನ್ನೂ ಹುಟ್ಟಿಲ್ಲ.

ಕೊನೆಯದಾಗಿ, ನಮ್ಮವರು ಪರದೇಶದಿಂದ ಉಡುಗೊರೆಯಾಗಿ ಇಂಥ ಟ್ಯೂನರುಗಳನ್ನು ತರುವುದುಂಟು. ಡಿಜಿಟಲ್ ಬಾನುಲಿಗೆ ಎಲ್ಲ ದೇಶಗಳಲ್ಲೂ ಒಂದೇ ಕ್ರಮವಿಲ್ಲ. ಅಮೆರಿಕದ್ದು ಬೇರೆ. ನಮ್ಮ ಆಕಾಶವಾಣಿಯು ಮಧ್ಯಮ ತರಂಗಗಳಿಗೆಂದು ಆರಿಸಿಕೊಂಡದ್ದು ಡಿ.ಆರ್.ಎಂ. ಎಂಬ ಇನ್ನೊಂದು ಕ್ರಮ. ಶೆಫೀಲ್ಡಿನ ಡ್ಯಾಬ್ ಟ್ಯೂನರನ್ನು ಬೆಂಗಳೂರಿಗೆ ತಂದರೆ ಅದರಲ್ಲಿ ಎಫ್.ಎಂ. ನಿಲಯಗಳಷ್ಟೇ ಕೇಳಿಸುವುವು, ಅದರ ಡಿಜಿಟಲ್ ಭಾಗವು ಇಲ್ಲಿ ನಿರುಪಯುಕ್ತ.

ಅಳಿಯನು ಅಗ್ಗದ ಟ್ಯೂನರನ್ನೇ ಕೊಂಡನು. ಡ್ಯಾಬ್ ಪ್ಲಸ್ ಉಂಟೆಂಬುದನ್ನೂ ಬೆಳಕಿನ ನಾಳದ ನಿರ್ಗಮವನ್ನೂ ಮೊದಲೇ ನೋಡಿಕೊಂಡಿದ್ದನಂತೆ. ಉಳಿದ ಹಣದ ಒಂದು ಪಾಲಿನಲ್ಲಿ ಏರಿಯಲ್ ತಂದು ಅಟ್ಟದ ತೊಲೆಗೆ ನೆಟ್ಟಗೆ ಕಟ್ಟಿದನು. ಪರದೆಯಲ್ಲಿ ಸಂಜ್ಞೆಯ ಗುಣ ತೋರಿಸುವ ಪಟ್ಟಿಯು ಕೋಣೆಯಲ್ಲಿ ಕಾಲು ಭಾಗವೂ ತುಂಬದಿದ್ದದ್ದು ಈಗ ಪೂರ್ತಿ ತುಂಬುತ್ತದೆಯಂತೆ. ಜುಲೈ ತಿಂಗಳಲ್ಲಿ ಪ್ರಾಮ್ಸ್ ಕಚೇರಿಗಳು ತೊಡಗಿದಾಗ ಮೊದಲನೆಯ ರಾತ್ರಿಯೇ ಮತ್ತೊಂದು ಕಾಗದ ಬರೆದನು. ಸಂಗೀತದ ವಿಷಯದಲ್ಲಿ ಆತನಿಗೆ ಸಂತೋಷವೇ. ದೂರು ಬೇರೊಂದಿತ್ತು: "ಮಾವ, ಗಂಟೆಗೆ ಸರಿಯಾಗಿ ಬಾರಿಸುವ ಆರು ಪಿಪ್ ಸದ್ದುಗಳು ಈ ಟ್ಯೂನರಿನಲ್ಲಿ ಕೆಲವು ಸೆಕೆಂಡು ತಡವಾಗಿ ಬರುತ್ತವೆ. ಪೆಟ್ಟಿಗೆ ಕೆಟ್ಟಿದೆಯೆ?"

ಕೆಟ್ಟಿಲ್ಲ. ದಾರಿಯಲ್ಲಿ ಒಮ್ಮೆಲೇ ಬಡಿಯುವ ಅಡಚಣೆಯು ಅಕ್ಕಪಕ್ಕದ ಬಿಟ್‌ಗಳನ್ನೆಲ್ಲ ಒಟ್ಟಿಗೆ ನುಂಗಿಬಿಡದಿರಲೆಂದು, ಬಿಟ್‌ಗಳನ್ನು ಕಲೆಸಿ 384 ಮಿಲಿಸೆಕೆಂಡ್‌ಗಳ ಉದ್ದಕ್ಕೂ ಚೆದುರಿಸಿ ಕಳುಹಿಸುತ್ತಾರೆ. ಟ್ಯೂನರು ಅಷ್ಟನ್ನೂ ಕೂಡಿಸಿಕೊಂಡು ಮತ್ತೆ ಸಾಲುಗೂಡಿಸುವವರೆಗೆ ಕಾಯಬೇಕು. ಅಡಕ ಮಾಡುವ, ಕಟ್ಟು ಕಟ್ಟುವ, ಬಿಚ್ಚುವ ಹೊತ್ತು ಇದಕ್ಕೆ ಸೇರುತ್ತದೆ. 1924ರಿಂದ ಬ್ರಿಟನ್ನಿನ ಜನರು ಆ ಆರು ಸದ್ದುಗಳಿಗೆ ಗಡಿಯಾರವನ್ನು ಹೊಂದಿಸಿಕೊಂಡು ಬಂದಿದ್ದಾರೆ. ನೀನು ಹೊಂದಿಸಬೇಕೆಂದರೆ ಅದೇ ಟ್ಯೂನರನ್ನು ಎಫ್.ಎಂ.ಗೆ ತಿರುಗಿಸಿಕೋ ಎಂದು ಉತ್ತರ ಬರೆದೆನು.